ಎಂತಕ್ಕೆ ಫೋಟೋ?

ಉಡುಪಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ಮದುವೆ ಕಾಗದ, ಬಿಲ್ ಬುಕ್, ಫ್ಲೆಕ್ಸ್, ಐಡಿ ಕಾರ್ಡ್, ಪೇಪರಿಗೆ ಕೊಡುವ ಶ್ರದ್ಧಾಂಜಲಿ, ಎಲ್ಲ ಮಾಡಿಕೊಡುತ್ತೇನೆ. ನಾನು ಫೋಟೋಗ್ರಾಫರ್ ಅಲ್ಲ. ಬೇರೆಯವರು ತೆಗೆದದ್ದನ್ನು ಕತ್ತರಿಸುವುದು, ಬಣ್ಣ ತಿದ್ದುವುದು, ಬೇಕಾದ ಅಳತೆಗೆ ತರುವುದು ನನ್ನ ಕೆಲಸ. ಊರಿನಲ್ಲಿ ತೆಗೆಯುವ ಎಲ್ಲ ಬಗೆಯ ಫೋಟೋಗಳೂ ಒಂದಲ್ಲ ಒಂದು ದಿನ ನನ್ನ ಕಂಪ್ಯೂಟರಿಗೆ ಬಂದೇ ಬರುತ್ತವೆ.

ಮೊನ್ನೆ ತಂಗಿಯ ಮಗ ಹೊಸ ಕ್ಯಾಮೆರಾ ಹಿಡಿದುಕೊಂಡು ಬಂದಿದ್ದ. "ದೊಡ್ಡಮ್ಮ, ಯಾವ ಬ್ರಾಂಚ್ ಹಿಡಿಯಲಿ? ವೈಲ್ಡ್‌ಲೈಫಾ, ಸ್ಟ್ರೀಟಾ, ಫ್ಯಾಷನ್ನಾ?" ಅಂತ ಕೇಳಿದ. ಮೊಬೈಲಿನಲ್ಲಿ ಒಂದು ಪಟ್ಟಿಯನ್ನೂ ತೋರಿಸಿದ. ಪೋರ್ಟ್ರೇಟ್, ಲ್ಯಾಂಡ್‌ಸ್ಕೇಪ್, ಮ್ಯಾಕ್ರೋ, ಸ್ಪೋರ್ಟ್ಸ್, ಫುಡ್, ಹೀಗೆ ಉದ್ದಕ್ಕೆ ಇತ್ತು. ಕ್ಯಾಮೆರಾದ ಎದುರು ಏನಿದೆ ಎಂದು ನೋಡಿ ಮಾಡಿದ ಪಟ್ಟಿ ಅದು. ಮನುಷ್ಯ ಇದ್ದರೆ ಒಂದು, ಗುಡ್ಡ ಇದ್ದರೆ ಇನ್ನೊಂದು, ಹುಳ ಇದ್ದರೆ ಮತ್ತೊಂದು.

ನನ್ನ ಅಂಗಡಿಯ ಲೆಕ್ಕವೇ ಬೇರೆ. ಯಾರೇ ಬಂದು ಫೋಟೋ ಕೊಟ್ಟರೂ ನಾನು ಕೇಳುವ ಮೊದಲ ಮಾತು "ಎಂತಕ್ಕೆ ಫೋಟೋ?" ಅದು ಗೊತ್ತಾಗದೆ ಒಂದು ಕ್ಲಿಕ್ಕೂ ಮಾಡಲಿಕ್ಕೆ ಬರುವುದಿಲ್ಲ. ಅದೇ ಮನುಷ್ಯ, ಅದೇ ಮುಖ. ಬ್ಯಾಂಕಿಗಾದರೆ ಒಂದು ರೀತಿ, ಹುಟ್ಟುಹಬ್ಬದ ಫ್ಲೆಕ್ಸಿಗಾದರೆ ಇನ್ನೊಂದು ರೀತಿ. ಎದುರಿಗೆ ಯಾರಿದ್ದಾರೆ ಅನ್ನುವುದಕ್ಕಿಂತ ಆ ಫೋಟೋಕ್ಕಾಗಿ ಯಾರು ಕಾಯುತ್ತಿದ್ದಾರೆ ಅನ್ನುವುದೇ ಜಾಸ್ತಿ ಮುಖ್ಯ. ಹುಡುಗನಿಗೆ ಅಷ್ಟು ಹೇಳಿದರೆ ತಲೆಗೆ ಹೋಗಲಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಪಾಸ್‌ಪೋರ್ಟ್ ಸೈಜಿನಿಂದಲೇ ಶುರು ಮಾಡುತ್ತೇನೆ. ಇದನ್ನು ಯಾರೂ ಕಲೆ ಅನ್ನುವುದಿಲ್ಲ. ಆದರೆ ಇದಕ್ಕಿರುವಷ್ಟು ಕಟ್ಟುನಿಟ್ಟು ಬೇರೆ ಯಾವ ಫೋಟೋಕ್ಕೂ ಇಲ್ಲ. ಮೂರೂವರೆ ಸೆಂಟಿಮೀಟರ್ ಅಗಲ, ನಾಲ್ಕೂವರೆ ಎತ್ತರ. ಹಿಂದೆ ಬಿಳಿ. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಮುಖದ ಮೇಲೆ ನೆರಳು ಬೀಳಬಾರದು. ಅಮೆರಿಕದ ವೀಸಾಕ್ಕಾದರೆ ಎರಡಿಂಚಿಗೆ ಎರಡಿಂಚು ಚೌಕ. 2016ರ ನವೆಂಬರಿನಿಂದ ಅದಕ್ಕೆ ಕನ್ನಡಕವೂ ಆಗುವುದಿಲ್ಲ. ಮಗಳ ಬಾಣಂತನಕ್ಕೆ ಹೊರಟ ದಂಪತಿ ಬಂದಿದ್ದರು. ಯಜಮಾನರಿಗೆ ಕಾಲೇಜು ದಿನಗಳಿಂದ ಕನ್ನಡಕ. "ಕನ್ನಡಕ ತೆಗೆದರೆ ಅದು ನಾನೇ ಅಲ್ಲ ಮಾರಾಯ್ತಿ" ಅಂದರು. ಅವರ ಹೆಂಡತಿಯೂ ಸ್ಕ್ರೀನ್ ನೋಡಿ ಹೌದು ಅಂತ ತಲೆಯಾಡಿಸಿದರು. ಆದರೆ ಅದನ್ನು ನೋಡುವುದು ಹೆಂಡತಿ ಅಲ್ಲವಲ್ಲ. ವಿಮಾನ ನಿಲ್ದಾಣದ ಯಂತ್ರ ಕಣ್ಣು, ಮೂಗು, ಗಲ್ಲದ ನಡುವಿನ ಅಂತರ ಅಳೆಯುತ್ತದೆ. ಕನ್ನಡಕದ ಮೇಲೆ ಬೆಳಕು ಹೊಳೆದರೆ ಅದಕ್ಕೆ ಲೆಕ್ಕ ತಪ್ಪುತ್ತದೆ. ನಗಬಾರದು ಅನ್ನುವುದೂ ಇದೇ ಕಾರಣಕ್ಕೆ. ನಕ್ಕರೆ ಕೆನ್ನೆ ಮೇಲೆ ಹೋಗುತ್ತದೆ, ಕಣ್ಣು ಸಣ್ಣದಾಗುತ್ತದೆ, ಅಳತೆ ಬದಲಾಗುತ್ತದೆ.

ತಮಾಷೆ ಏನೆಂದರೆ, ನಮ್ಮಲ್ಲಿ ಪಾಸ್‌ಪೋರ್ಟ್ ಮಾಡಿಸಲಿಕ್ಕೆ ಮಾತ್ರ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಡ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅವರೇ ಕೂರಿಸಿ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳದ್ದಾದರೆ ನಾವು ಒಯ್ಯಬೇಕು. ಇನ್ನು ಬ್ಯಾಂಕು, ಸೊಸೈಟಿ, ಹಾಸ್ಟೆಲ್, ಪರೀಕ್ಷೆ ಅರ್ಜಿ, ಎಲ್ಲರಿಗೂ ಅದು ಬೇಕು. ಆನ್‌ಲೈನ್ ಅರ್ಜಿಯಾದರೆ "50 ಕೆಬಿ ಒಳಗೆ ಇರಬೇಕು" ಅನ್ನುವುದು ಬೇರೆ. ಅರ್ಜಿಯ ಕೊನೇ ದಿನ ಸಂಜೆ ಐದೂವರೆಗೆ ನನ್ನ ಅಂಗಡಿಗೆ ಓಡಿ ಬರುವ ಮಕ್ಕಳಲ್ಲಿ ಅರ್ಧ ಈ 50 ಕೆಬಿಯ ಗಿರಾಕಿಗಳು.

ಮುಖವನ್ನು ಹೀಗೆ ಅಳತೆಗೆ ಹಿಡಿಯುವುದನ್ನು ಶುರು ಮಾಡಿದವರಲ್ಲಿ ಪ್ಯಾರಿಸ್ಸಿನ ಪೊಲೀಸರು ಮುಖ್ಯ. 1880ರ ದಶಕದಲ್ಲಿ ಅಲ್ಫಾನ್ಸ್ ಬರ್ಟಿಯಾನ್ ಎಂಬವರು ಅಲ್ಲಿ ಹಿಡಿದು ತಂದವರ ಫೋಟೋ ತೆಗೆಯುವುದಕ್ಕೆ ಒಂದು ಕ್ರಮ ಮಾಡಿದರು. ಎದುರಿನಿಂದ ಒಂದು, ಪಕ್ಕದಿಂದ ಒಂದು. ಎಲ್ಲರದ್ದೂ ಒಂದೇ ದೂರದಿಂದ, ಒಂದೇ ಬೆಳಕಿನಲ್ಲಿ. ನಮ್ಮಲ್ಲಿ 1920ರ ಕಾಯ್ದೆಯೊಂದು ಕೈದಿಗಳ ಅಳತೆ, ಫೋಟೋ ತೆಗೆಯಲು ಪೊಲೀಸರಿಗೆ ಅಧಿಕಾರ ಕೊಟ್ಟಿತ್ತು. 2022ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ಕಳ್ಳರಿಗೆ ಅಂತ ಮಾಡಿದ ಕ್ರಮದಲ್ಲಿ ಈಗ ಎಸ್ಸೆಸ್ಸೆಲ್ಸಿ ಮಕ್ಕಳೂ ಕೂರುತ್ತಾರೆ. ಪಕ್ಕದ ಫೋಟೋ ಒಂದು ಬಿಟ್ಟಿದ್ದಾರೆ ಅಷ್ಟೆ.

ಇದರ ನೆಂಟನೇ ಇನ್ನೊಂದು ಫೋಟೋ ಉಂಟು. ಯಾವ ಪಟ್ಟಿಯಲ್ಲೂ ಅದರ ಹೆಸರಿಲ್ಲ. ಹಳ್ಳಿಯವರು ಅದಕ್ಕೆ "ಜಿಪಿಎಸ್ ಫೋಟೋ" ಅನ್ನುತ್ತಾರೆ. ಪಂಚಾಯತಿನಿಂದ ಮನೆ ಮಂಜೂರಾದರೆ ಪಾಯ ಹಾಕಿದಾಗ ಒಂದು, ಗೋಡೆ ಎದ್ದಾಗ ಒಂದು, ಮಾಡು, ಅಂದರೆ ಸೂರು, ಆದಾಗ ಒಂದು. ಮನೆಯವರು ಎದುರು ನಿಲ್ಲಬೇಕು. ಫೋಟೋದ ಜೊತೆ ಜಾಗದ ಅಕ್ಷಾಂಶ, ರೇಖಾಂಶ ಹೋಗಬೇಕು. ಅದು ಹೋಗದೆ ಕಂತು ಬಿಡುಗಡೆ ಆಗುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ ಹಾಜರಾತಿಗೂ ಫೋಟೋ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ರೈತರೇ ಸರ್ವೆ ನಂಬರಿಗೆ ಹೋಗಿ ಅಡಕೆಯದ್ದೋ ಭತ್ತದ್ದೋ ಫೋಟೋ ತೆಗೆದು ಹಾಕಬೇಕು. ಇದಕ್ಕೆ ಚಂದ ಬೇಡ, ಬೆಳಕು ಬೇಡ, ಕೋನ ಬೇಡ. "ಇವರು ಇಲ್ಲಿ ಇದ್ದರು, ಇದು ಇಲ್ಲಿ ಉಂಟು" ಎಂದು ಗೊತ್ತಾದರೆ ಸಾಕು. ಕೋರ್ಟಿನವರದ್ದೂ ಹಾಗೆಯೇ. ಬೇಲಿ ತಕರಾರಿನ ಕೇಸಿಗೆ ಹಿಂದೆ ಫೋಟೋದ ಜೊತೆ ನೆಗೆಟಿವ್ ಕೇಳುತ್ತಿದ್ದರು. ತೆಗೆದ ಸ್ಟುಡಿಯೋದವರು ಸಾಕ್ಷಿ ಹೇಳಲಿಕ್ಕೆ ಹೋದದ್ದೂ ಉಂಟು. ಡಿಜಿಟಲ್ ಬಂದ ಮೇಲೆ ನೆಗೆಟಿವ್ ಜಾಗಕ್ಕೆ ಸಿಡಿ ಮತ್ತು ಸರ್ಟಿಫಿಕೇಟ್ ಬಂತು. ಇಲ್ಲಿ ಕಲರ್ ಸ್ವಲ್ಪ ತಿದ್ದಿಕೊಡಿ ಅಂತ ಯಾರಾದರೂ ಕೇಳಿದರೆ ನಾನು ಖಡಾಖಂಡಿತ ಆಗುವುದಿಲ್ಲ ಅನ್ನುತ್ತೇನೆ. ಮದುವೆ ಫೋಟೋದಲ್ಲಿ ಮೊಡವೆ ತೆಗೆದರೆ ಪುಣ್ಯ. ಕೋರ್ಟಿನ ಫೋಟೋದಲ್ಲಿ ಒಂದು ಕಲ್ಲು ತೆಗೆದರೂ ಅಪರಾಧ.

ಇನ್ನು ಕಂಬಳ. ಒಂದೇ ವಿಷಯಕ್ಕೆ ನಾಲ್ಕು ಥರದ ಫೋಟೋ ಹೇಗೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸೀಸನ್ ಬಂತೆಂದರೆ ನಮಗೆ ಫ್ಲೆಕ್ಸಿನ ಆರ್ಡರ್ ಜಾಸ್ತಿ. ಕೋಣದ ಯಜಮಾನರೊಬ್ಬರು ಪೆನ್‌ಡ್ರೈವ್ ತಂದಿದ್ದರು. ಅದರಲ್ಲಿ ಪೇಪರಿನ ಫೋಟೋಗ್ರಾಫರ್ ಕೊಟ್ಟ ಫೋಟೋ ಒಂದಿತ್ತು. ಆಹಾ, ಎಂಥ ಫೋಟೋ ಅದು. ಮಂಜೊಟ್ಟಿಯ (ಓಟ ಮುಗಿಯುವ ತುದಿಯ) ಕಡೆ ನೆಲಕ್ಕೆ ತಾಗಿ ಕೂತು, ಉದ್ದ ಲೆನ್ಸಿನಲ್ಲಿ ಎದುರಿನಿಂದ ಹಿಡಿದದ್ದು. ಎರಡು ಕೋಣಗಳ ಮೂಗಿನ ಹೊಳ್ಳೆ ಅರಳಿದೆ. ಇಬ್ಬದಿಯಲ್ಲೂ ಕೆಸರು ನೀರು ಗೋಡೆಯ ಹಾಗೆ ಎದ್ದಿದೆ. ಒಂದೊಂದು ಹನಿಯೂ ಬೇರೆ ಬೇರೆ ಕಾಣುತ್ತದೆ. ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ ಶಟರ್ ತೆರೆದರೆ ಹಾಗೆ ಹನಿ ನಿಲ್ಲುತ್ತದೆ. ನಡುವೆ ಓಡಿಸುವವನ ಮುಖ, ಬಾಯಿ ತೆರೆದು ಕೂಗುತ್ತಿರುವುದು. ನಾನು ಅದನ್ನೇ ದೊಡ್ಡದು ಮಾಡಿ ಇಟ್ಟೆ. ಯಜಮಾನರು ನೋಡಿದರು. "ಇದ್ರಲ್ಲಿ ಕೋಣನ ಮೈಯೇ ಕಾಣುದಿಲ್ಲ ಅಲ್ವಾ ಅಕ್ಕ?" ಅಂದರು.

ಅವರಿಗೆ ಬೇಕಾದದ್ದು ಬೇರೆ. ಗೆದ್ದ ಮೇಲೆ, ಮೈ ತೊಳೆದು ಎಣ್ಣೆ ಹಚ್ಚಿ ನಿಲ್ಲಿಸಿದ್ದು. ಪಕ್ಕದಿಂದ ತೆಗೆದಿರಬೇಕು. ಬೆನ್ನಿನ ಗೆರೆ ನೇರ ಕಾಣಬೇಕು. ನಾಲ್ಕೂ ಕಾಲು ಬರಬೇಕು, ಗೊರಸು ಕೂಡ. ಕೊಂಬಿನ ತುದಿ ತುಂಡಾಗಬಾರದು. ಅವರ ಮನೆಯವರೆಲ್ಲ ಸಾಲಾಗಿ ಹಿಂದೆ ನಿಂತಿರಬೇಕು. ಪೇಪರಿನವರ ಕಣ್ಣಿಗೆ ಅದು ಸಪ್ಪೆ ಫೋಟೋ. ಆದರೆ ಕೋಣ ಗೊತ್ತಿದ್ದವರು ಫ್ಲೆಕ್ಸಿನ ಎದುರು ನಿಂತು ನೋಡುವುದು ಆ ಕಾಲನ್ನು, ಆ ಬೆನ್ನನ್ನು. ಆ ಮನೆಯ ಮಕ್ಕಳನ್ನು ಹೊಗಳಿದರೂ ಯಜಮಾನರಿಗೆ ಅಷ್ಟು ಖುಷಿ ಆಗಲಿಕ್ಕಿಲ್ಲ.

ಮೂರನೆಯದು ಸ್ಪರ್ಧೆಗೆ ಕಳಿಸುವವರದ್ದು. ಅವರು ಶಟರ್ ಸ್ಪೀಡ್ ಇಳಿಸಿ, ಕೋಣ ಓಡುವ ವೇಗದಲ್ಲೇ ಕ್ಯಾಮೆರಾವನ್ನೂ ತಿರುಗಿಸುತ್ತಾರೆ. ಕೋಣ ಒಂದಿಷ್ಟು ಸ್ಪಷ್ಟ, ಹಿಂದಿನ ಜನವೆಲ್ಲ ಬಣ್ಣದ ಗೆರೆಗಳು. ಪ್ಯಾನಿಂಗ್ ಅನ್ನುತ್ತಾರೆ. ಅದರಲ್ಲಿ ಯಾವ ಮನೆಯ ಕೋಣ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕು ಅಂತ ಅವರಿಗೂ ಇಲ್ಲ. ವೇಗ ಕಂಡರೆ ಸಾಕು.

ನಾಲ್ಕನೆಯದು ತೀರ್ಪಿಗೆ. ಕನೆಹಲಗೆ ವಿಭಾಗದಲ್ಲಿ ಯಾರು ಮೊದಲು ಅನ್ನುವ ಪ್ರಶ್ನೆಯೇ ಇಲ್ಲ, ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಅನ್ನುವುದು ಲೆಕ್ಕ. ಕರೆಯ (ಕೋಣ ಓಡುವ ಕೆಸರಿನ ಹಾದಿಯ) ಮೇಲೆ ಆರೂವರೆ ಕೋಲು, ಏಳೂವರೆ ಕೋಲು (ಕೋಲು ಅಂದರೆ ಇಲ್ಲಿನ ಒಂದು ಅಳತೆ) ಎತ್ತರದಲ್ಲಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ. ನೀರು ನಿಶಾನೆಗೆ ತಾಗಿತೋ ಇಲ್ಲವೋ ಎನ್ನುವ ತಕರಾರಿಗೆ ಕ್ಯಾಮೆರಾ ಬೇಕೆಂದರೆ ಅದು ಅಲುಗಾಡದೆ, ನಿಶಾನೆಯ ಮಟ್ಟಕ್ಕೇ ನಿಂತಿರಬೇಕು. ಕೋಣನ ಮುಖ ಬಾರದಿದ್ದರೂ ನಡೆಯುತ್ತದೆ.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಶ್ರೀನಿವಾಸ ಗೌಡರ ಸುದ್ದಿ ನೆನಪಿರಬಹುದು. 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿಸಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಅಂತ ಲೆಕ್ಕ ಹಾಕಿದರು. ಉಸೇನ್ ಬೋಲ್ಟ್ ಹೆಸರು ಜೊತೆಗೆ ಸೇರಿತು. ಕರೆಯಲ್ಲಿ ಕೋಣ ಎಳೆಯುವ ಓಟಕ್ಕೂ ಟ್ರ್ಯಾಕಿನ ಓಟಕ್ಕೂ ಹೋಲಿಕೆ ಸರಿಯಲ್ಲ ಅಂತ ನಮ್ಮವರಿಗೆಲ್ಲ ಗೊತ್ತಿತ್ತು. ಆದರೆ ಹೊರಗಿನವರು ನೋಡಿದ್ದು ಕಂಬಳವನ್ನಲ್ಲ. ಅವರು ನೋಡಿದ್ದು ಕೆಸರಿನಲ್ಲಿ ಹುರಿಗಟ್ಟಿದ ಮೈಯ ಒಬ್ಬ ಓಟಗಾರನ ಫೋಟೋ. ಊರಿನ ಪೇಪರಿಗೆ ಕಂಬಳದ ಫೋಟೋ ಆಗಿದ್ದದ್ದು ಡೆಲ್ಲಿಗೆ ಹೋಗುವಷ್ಟರಲ್ಲಿ ಅಥ್ಲೆಟಿಕ್ಸ್ ಫೋಟೋ ಆಯಿತು. ಕೋಣಗಳ ಹೆಸರನ್ನು ಯಾರೂ ಕೇಳಲಿಲ್ಲ!

ಮದುವೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಸ್ಟುಡಿಯೋಗಳ ಅನ್ನ ಇರುವುದು ಅಲ್ಲಿ. ಕ್ಯಾಂಡಿಡ್ (ಪೋಸು ಕೊಡಿಸದೆ ತೆಗೆಯುವುದು) ಬಂದ ಮೇಲೆ ಫೋಟೋಗಳು ಚಂದ ಆದವು, ಸುಳ್ಳಲ್ಲ. ಮದುಮಗಳ ಅಪ್ಪ ಕಂಬದ ಹಿಂದೆ ಕಣ್ಣು ಒರೆಸಿಕೊಳ್ಳುವುದೆಲ್ಲ ಮೊದಲು ಸಿಗುತ್ತಿರಲಿಲ್ಲ. ಆದರೆ ಸ್ಟೇಜಿನ ಗ್ರೂಪ್ ಫೋಟೋವನ್ನು ಈಗಿನ ಹುಡುಗರು ಕಾಟಾಚಾರಕ್ಕೆ ತೆಗೆಯುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಕಾರಣ ಕೊನೆಗೆ ಹೇಳುತ್ತೇನೆ.

ಪ್ರೀ ವೆಡ್ಡಿಂಗಿಗೆ ಎಲ್ಲರೂ ಓಡುವುದು ಸಮುದ್ರಕ್ಕೆ. ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಕಂಬ ಕಂಬವಾಗಿ ನಿಂತ ಕಲ್ಲುಗಳು ಉಂಟಲ್ಲ, ಅದರ ಎದುರು ಉದ್ದ ಗೌನು ಹಾಕಿ ನಿಂತ ಹುಡುಗಿಯರ ಫೋಟೋ ನನ್ನ ಹತ್ತಿರ ರಾಶಿ ಬರುತ್ತದೆ, ಕಾಗದದಲ್ಲಿ ಹಾಕಲಿಕ್ಕೆ. ಅದೇ ಕಲ್ಲಿನ ಫೋಟೋವನ್ನು ಒಮ್ಮೆ ಭೂವಿಜ್ಞಾನದ ವಿದ್ಯಾರ್ಥಿಯೊಬ್ಬ ಪ್ರಾಜೆಕ್ಟ್ ರಿಪೋರ್ಟಿಗೆ ಪ್ರಿಂಟ್ ಮಾಡಿಸಲಿಕ್ಕೆ ತಂದ. ಬಿಸಿಲು ನೆತ್ತಿಗೆ ಬಂದಾಗ ತೆಗೆದದ್ದು. ಕಲ್ಲಿನ ಮೇಲೆ ಒಂದು ಸುತ್ತಿಗೆ ಇಟ್ಟಿದ್ದ. ಸುತ್ತಿಗೆ ಕ್ರಾಪ್ ಮಾಡಲಾ ಅಂತ ಕೇಳಿದೆ. "ಅಯ್ಯೋ ಬೇಡ ಅಕ್ಕ, ಅದೇ ಮುಖ್ಯ" ಅಂದ. ಸುತ್ತಿಗೆ ಇದ್ದರೆ ಮಾತ್ರ ಕಂಬದ ಅಗಲ ಎಷ್ಟು ಅಂತ ಓದುವವರಿಗೆ ಅಂದಾಜು ಸಿಗುತ್ತದೆ. ಆ ಲಾವಾ ಆರಿ ಬಿರುಕು ಬಿಟ್ಟದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲಕ್ಕೆ. ಮದುಮಕ್ಕಳಿಗೆ ಆ ಕಲ್ಲು ಪರದೆ. ಅವನಿಗೆ ಅದೇ ಎಲ್ಲ.

ವಿಜ್ಞಾನದವರ ಫೋಟೋಗಳನ್ನು ನೋಡಿದರೆ ನನಗೆ ಒಂದು ಥರದ ಗೌರವ. ಅವರು ಚಂದ ಮಾಡಲಿಕ್ಕೆ ಹೋಗುವುದಿಲ್ಲ, ಆದರೂ ಚಂದ ಇರುತ್ತದೆ. 2018ರಲ್ಲಿ ಮಂಗಳೂರು ಪೇಟೆಯೊಳಗೇ ಒಂದು ಹೊಸ ಕಪ್ಪೆ ಸಿಕ್ಕಿದ್ದು ಸುದ್ದಿಯಾಗಿತ್ತು. ಎರಡು ಸೆಂಟಿಮೀಟರ್ ಆಸುಪಾಸಿನ ಪುಟ್ಟ ಕಪ್ಪೆ. ಕೊಂಕಣಿಯಲ್ಲಿ ಮಂಗಳೂರಿಗೆ ಕೊಡಿಯಾಲ್ ಅನ್ನುತ್ತಾರಲ್ಲ, ಅದರ ಮೇಲೆ ಮೈಕ್ರೋಹೈಲಾ ಕೊಡಿಯಾಲ್ ಅಂತ ಹೆಸರಿಟ್ಟರು. ಸಿಕ್ಕಿದ್ದು ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ. ಅದರ ಹತ್ತಿರದ ನೆಂಟರೆಲ್ಲ ಇರುವುದು ಆಗ್ನೇಯ ಏಷ್ಯಾದಲ್ಲಿ. ಹಾಗಾಗಿ ಹೊರದೇಶದ ದಿಮ್ಮಿಯ ಜೊತೆ ಬಂದಿರಬಹುದು ಅಂತ ಒಂದು ಊಹೆ. ಇಂಥ ಕಪ್ಪೆಯನ್ನು ಸ್ಪರ್ಧೆಗೆ ತೆಗೆಯುವವರು ಮಳೆಹನಿ, ಹಸಿರೆಲೆ, ಕಣ್ಣಿನ ಹೊಳಪು ಹುಡುಕುತ್ತಾರೆ. ಸಂಶೋಧಕರಿಗೆ ಬೆನ್ನು ಬೇಕು, ಹೊಟ್ಟೆ ಬೇಕು, ಬೆರಳಿನ ನಡುವೆ ಚರ್ಮ ಎಲ್ಲಿಯವರೆಗೆ ಉಂಟು ಅನ್ನುವುದು ಬೇಕು, ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಬೇಕು.

ಹುಲಿಯದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಕ್ಯಾಮೆರಾದ ಹಿಂದೆ ಜನವೇ ಇಲ್ಲ. ಪುತ್ತೂರಿನಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿದ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿ ಎಣಿಸುವ ಕ್ರಮ ರೂಪಿಸಿದರು. ಅದಕ್ಕೆ ಮೊದಲು ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. ಹುಲಿಯ ಪಟ್ಟೆ ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ. ಒಂದೇ ಹುಲಿಯ ಎಡಮೈಯ ಪಟ್ಟೆ ಬಲಮೈಗೂ ಹೊಂದುವುದಿಲ್ಲ. ಅದಕ್ಕಾಗಿ ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಡಬೇಕು. ಹುಲಿ ನಡುವೆ ದಾಟಿದಾಗ ಎರಡೂ ಒಟ್ಟಿಗೆ ಫೋಟೋ ತೆಗೆಯುತ್ತವೆ. ಆಮೇಲೆ ಅದೇ ಹುಲಿ ಮತ್ತೆ ಎಷ್ಟು ಸಲ ಸಿಕ್ಕಿತು ಅನ್ನುವುದರಿಂದ, ಸಿಗದೇ ಉಳಿದ ಹುಲಿ ಎಷ್ಟಿರಬಹುದು ಅಂತ ಲೆಕ್ಕ. 2018ರ ದೇಶದ ಹುಲಿಗಣತಿಯಲ್ಲಿ ಹೀಗೆ ಸುಮಾರು 3.48 ಕೋಟಿ ಫೋಟೋ ಬಂದವು. ಅದರಲ್ಲಿ ಹುಲಿ ಇದ್ದದ್ದು 76,651ರಲ್ಲಿ. ಉಳಿದದ್ದೆಲ್ಲ ಜಿಂಕೆ, ಆನೆ, ಹಸು, ದಾರಿಹೋಕರು, ಗಾಳಿಗೆ ಅಲ್ಲಾಡಿದ ಹುಲ್ಲು. ಒಂದೇ ಒಂದು ಹುಲಿ ಫೋಟೋಕ್ಕಾಗಿ ವಾರಗಟ್ಟಲೆ ಜೀಪಿನಲ್ಲಿ ಕೂರುವವರು ಇದನ್ನು ಕೇಳಿದರೆ ಎಂತ ಹೇಳಬಹುದೋ!

ನಮ್ಮ ಹುಡುಗನಿಗೆ ಇನ್ನೊಂದು ವಿಷಯವನ್ನೂ ಹೇಳಿದೆ. ನಿಸರ್ಗ ಅಥವಾ ಪತ್ರಿಕಾ ವಿಭಾಗದ ಸ್ಪರ್ಧೆಗೆ ಫೋಟೋ ಕಳಿಸುವುದಾದರೆ ನನ್ನ ಹತ್ತಿರ ತರಬೇಡ ಅಂತ. ಅಲ್ಲಿ ಅಂಚು ಕತ್ತರಿಸಬಹುದೇ ಹೊರತು ಒಂದು ಕಡ್ಡಿ ಅಳಿಸುವಂತಿಲ್ಲ, ಒಂದು ಹಕ್ಕಿ ಸೇರಿಸುವಂತಿಲ್ಲ. ಅಂದ ಹಾಗೆ, ಕ್ಯಾಮೆರಾ ಯಾವ ಬ್ರಾಂಚಿನದ್ದೇ ಆಗಲಿ, ನಮ್ಮ ಕರಾವಳಿಯ ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯದೆ ಬಿಡುವುದಿಲ್ಲ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಮ್ಮೆ ಬದಲಿಸಬೇಕು. ಹಳೇ ಸ್ಟುಡಿಯೋದವರು ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸಿಡುತ್ತಿದ್ದರು.

ಮಲ್ಪೆ ಬಂದರಿನಲ್ಲಿ ಓಡಾಡುವ ಒಂದು ಫೋಟೋ ಯಾರ ಕಣ್ಣಿಗೂ ಫೋಟೋ ಅನ್ನಿಸುವುದಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಬಣ್ಣ ಮತ್ತು ಬಿಸಿ ನೋಡಿ, ಎಲ್ಲಿ ಮೀನು ಸಿಗಬಹುದು ಅಂತ ಮೀನುಗಾರರಿಗೆ ತಿಳಿಸುತ್ತದೆ. ನೀರಿನಲ್ಲಿ ಹಸಿರು ಪಾಚಿ ಜಾಸ್ತಿ ಇದ್ದಲ್ಲಿ, ತಣ್ಣೀರು ಬಿಸಿನೀರು ಸೇರುವಲ್ಲಿ ಮೀನು ಮೇಯಲಿಕ್ಕೆ ಬರುತ್ತದೆ ಅನ್ನುವುದು ಲೆಕ್ಕ. ಮೋಡ ಕವಿದರೆ ಉಪಗ್ರಹಕ್ಕೆ ಕಾಣುವುದಿಲ್ಲ. ಅಷ್ಟು ಮೇಲಿನಿಂದ ತೆಗೆದದ್ದು ಬೋಟಿನವರಿಗೆ ತಲುಪುವುದು ಬರೀ ಅಕ್ಷಾಂಶ, ರೇಖಾಂಶ, ಆಳದ ಅಂಕಿಗಳಾಗಿ. ಚಿತ್ರವನ್ನು ಅವರು ನೋಡಬೇಕೆಂದೂ ಇಲ್ಲ.

ಕೋಲದ, ಅಂದರೆ ನಮ್ಮ ದೈವಗಳ ಆರಾಧನೆಯ, ಫೋಟೋಗಳ ವಿಷಯ ಸ್ವಲ್ಪ ಸೂಕ್ಷ್ಮ. ಇಲ್ಲಿನ ಜನರನ್ನು ಹೊರಗಿನವರು ತಮ್ಮ ಲೆಕ್ಕಕ್ಕೆ ಫೋಟೋ ತೆಗೆಯುವುದು ಹಳೇ ಕಥೆ. ಎಡ್ಗರ್ ಥರ್ಸ್ಟನ್ ಎಂಬ ಮದ್ರಾಸ್ ಮ್ಯೂಸಿಯಮ್ಮಿನ ಅಧಿಕಾರಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ 1909ರಲ್ಲಿ 7 ಸಂಪುಟ ಹೊರತಂದರು. ಜನರ ತಲೆ, ಮೂಗುಗಳನ್ನೆಲ್ಲ ಉಪಕರಣ ಹಿಡಿದು ಅಳೆಯುತ್ತಿದ್ದವರು ಅವರು. ಚಿತ್ರಗಳ ಅಡಿಯಲ್ಲಿ ಹೆಚ್ಚಾಗಿ ಇರುವುದು ಜಾತಿಯ ಹೆಸರು, ನಿಂತವರ ಹೆಸರಲ್ಲ. ಮಾದರಿ ತೋರಿಸಲಿಕ್ಕೆ ತೆಗೆದದ್ದು. ಅದನ್ನು ನೋಡುವವರು ಲಂಡನ್ನಿನಲ್ಲೋ ಮದ್ರಾಸಿನಲ್ಲೋ ಇದ್ದರು. ಈಚೆಗೆ ಕೋಲದ ಸಿನಿಮಾ ಬಂದು ಹೆಸರು ಮಾಡಿದ ಮೇಲೆ ಇನ್ನೊಂದು ಬಗೆಯವರು ಶುರುವಾದರು. ಅಣಿ (ಬೆನ್ನಿಗೆ ಕಟ್ಟುವ ದೊಡ್ಡ ಅಲಂಕಾರ) ಕಟ್ಟುವಾಗ ಮೂಗಿನ ಹತ್ತಿರ ಮೊಬೈಲ್, ಗಗ್ಗರ (ಕಾಲಿನ ಗೆಜ್ಜೆ) ಕೊಡುವಾಗ ಅಡ್ಡಡ್ಡ ಟ್ರೈಪಾಡ್. ಕೆಲವು ದೈವಸ್ಥಾನಗಳಲ್ಲಿ ಈಗ ಫೋಟೋ ವಿಡಿಯೋ ನಿಷೇಧ ಅಂತ ಬೋರ್ಡ್ ಹಾಕಿದ್ದಾರೆ. ಅಂಥ ಬೋರ್ಡ್ ನಾನೇ ಪ್ರಿಂಟ್ ಮಾಡಿ ಕೊಟ್ಟಿದ್ದೇನೆ, ಸಂತೋಷದಿಂದಲೇ. ಹಾಗಂತ ಯಾರೂ ಏನೂ ತೆಗೆಯಬಾರದು ಅನ್ನುವವಳಲ್ಲ ನಾನು. ಉಡುಪಿಯ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಮಾಡಿದಂಥ ದಾಖಲಾತಿ ಇಲ್ಲದಿದ್ದರೆ ಇಂದಿನವರಿಗೆ ಹಳೆಯ ವೇಷಗಾರಿಕೆ ಎಷ್ಟೋ ತಿಳಿಯುತ್ತಿರಲಿಲ್ಲ. ಕೋಲ ಕಟ್ಟುವವರನ್ನು, ಮನೆಯವರನ್ನು ಕೇಳಿ, ಒಂದು ಮೂಲೆಯಲ್ಲಿ ನಿಂತು ತೆಗೆಯುವುದಕ್ಕೂ ರೀಲ್ಸಿಗೆ ತೆಗೆಯುವುದಕ್ಕೂ ವ್ಯತ್ಯಾಸ ಉಂಟಲ್ಲ.

ಇನ್ನು ಕೆಲವು ಫೋಟೋಗಳು ಹುಟ್ಟುವಾಗ ಒಂದು ಕೆಲಸಕ್ಕೆ, ಬದುಕುವುದು ಇನ್ನೊಂದಕ್ಕೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಫೋಟೋಗ್ರಫಿ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಮುಂದೆ ಕ್ಯಾಮೆರಾ ಅವರ ಕೈಗೂ ಬಂತು. ಅವರು ತೆಗೆಸಿದ್ದು ಊರಿನವರಿಗೆ ತೋರಿಸಲಿಕ್ಕೆ ಅಲ್ಲ, ಸ್ವಿಟ್ಜರ್ಲೆಂಡ್, ಜರ್ಮನಿಯಲ್ಲಿ ಕೂತು ಹಣ ಕೊಡುತ್ತಿದ್ದವರಿಗೆ ನಮ್ಮ ಕೆಲಸ ನೋಡಿ ಅನ್ನಲಿಕ್ಕೆ. ಶಾಲೆ, ಚರ್ಚು, ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹಂಚಿನ ಕಾರ್ಖಾನೆ. ಇವತ್ತು ಅವರ ಆರ್ಕೈವ್ ಆನ್‌ಲೈನಿನಲ್ಲಿ ಸಿಗುತ್ತದೆ. ಮಂಗಳೂರಿನವರು ಅದರಲ್ಲಿ ಹುಡುಕುವುದು ಹಳೇ ರಸ್ತೆಯನ್ನು, ಅಂದಿನ ಹೆಂಗಸರು ಸೀರೆ ಉಟ್ಟ ಕ್ರಮವನ್ನು, ಹಂಚು ಹೊತ್ತವರ ಮುಖವನ್ನು. ಹೋಟೆಲಿನವರು ಗೋಡೆಗೆ ಹಾಕಲಿಕ್ಕೆ "ಹಳೇ ಮಂಗಳೂರಿನದ್ದು ಎಂತಾದ್ರೂ ಕೊಡಿ" ಅಂತ ನನ್ನ ಹತ್ತಿರವೇ ಬರುತ್ತಾರೆ.

ನಮ್ಮ ಮನೆಗಳ ಫೋಟೋಗಳೂ ಹೀಗೆಯೇ ಕೆಲಸ ಬದಲಿಸುತ್ತವೆ. ಶ್ರದ್ಧಾಂಜಲಿ ಮಾಡಿಸಲಿಕ್ಕೆ ಬರುವವರ ಹತ್ತಿರ ಅದಕ್ಕೆಂದೇ ತೆಗೆದ ಫೋಟೋ ಇರುವುದಿಲ್ಲ. ಇರಲಿಕ್ಕೆ ಸಾಧ್ಯವೂ ಇಲ್ಲ ಅಲ್ವಾ? ವಯಸ್ಸಾದವರದ್ದಾದರೆ ಮೊದಲು ಸಿಗುವುದು ವೋಟರ್ ಕಾರ್ಡ್. 1993ರಿಂದ ಆ ಕಾರ್ಡ್ ಕೊಡಲಿಕ್ಕೆ ಶುರು ಮಾಡಿದಾಗ ಜೀವನದಲ್ಲಿ ಮೊದಲ ಸಲ ಕ್ಯಾಮೆರಾದ ಎದುರು ಕೂತ ಅಜ್ಜಿಯಂದಿರು ನಮ್ಮಲ್ಲಿ ಬೇಕಾದಷ್ಟು ಇದ್ದರು. ಅದೂ ಇಲ್ಲದಿದ್ದರೆ ಹಳೇ ಸ್ಟುಡಿಯೋ ಫೋಟೋ. ಸ್ಟುಡಿಯೋದಲ್ಲಿ ಎಲ್ಲರಿಗೂ ಒಂದೇ ಕೋಟು ಇರುತ್ತಿತ್ತು. ಹಾಗಾಗಿ ಬೇರೆ ಬೇರೆ ಮನೆಯ ಅಜ್ಜಂದಿರು ಒಂದೇ ಕೋಟಿನಲ್ಲಿ ನನ್ನ ಅಂಗಡಿಗೆ ಬಂದದ್ದುಂಟು. ಉಳಿದಂತೆ ನಾವು ಹೋಗುವುದು ಮದುವೆಯ ಗ್ರೂಪ್ ಫೋಟೋಕ್ಕೆ. ಕ್ಯಾಂಡಿಡ್‌ನಲ್ಲಿ ಮದುಮಕ್ಕಳು, ಅಪ್ಪ ಅಮ್ಮ, ಗೆಳೆಯರು ಇರುತ್ತಾರೆ. ಮದುಮಗನ ಅಪ್ಪನ ಸೋದರತ್ತೆ ಇರುವುದು ಗ್ರೂಪಿನಲ್ಲಿ ಮಾತ್ರ, ಎಡದಿಂದ ಎರಡನೆಯವರಾಗಿ. ಅವರು ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಮಲ್ಲಿಗೆ ಮುಡಿದು, ಕ್ಯಾಮೆರಾ ಕಡೆ ನೇರ ನೋಡಿದ್ದೂ ಅಲ್ಲಿ ಮಾತ್ರ. ಗ್ರೂಪ್ ತೆಗೆಯುವಾಗ ಫೋಕಸ್ ಅಂಚಿನವರೆಗೂ ಸರಿ ಉಂಟಾ, ಯಾರ ತಲೆಯಾದರೂ ಅಡ್ಡ ಬಂತಾ ಅಂತ ಒಂದು ನಿಮಿಷ ನೋಡಿ ಮಾರಾಯ್ರೆ ಅಂತ ನಾನು ಹುಡುಗರಿಗೆ ಹೇಳುತ್ತಾ ಇರುವುದು ಇದಕ್ಕೇ.

ಒಬ್ಬ ಅಮ್ಮನವರನ್ನು ಹಾಗೆ ಗ್ರೂಪಿನಿಂದ ಬಿಡಿಸುತ್ತಿದ್ದೆ. ಕಿವಿಯ ಓಲೆಯ ಸುತ್ತ, ಸೀರೆಯ ಅಂಚಿನ ಸುತ್ತ ಪೆನ್ ಟೂಲಿನಲ್ಲಿ ಚುಕ್ಕಿ ಹಾಕುತ್ತಾ ಬಂದರೆ ಬಲಹೆಗಲ ಮೇಲೆ ಪಕ್ಕದವರ ನಾಲ್ಕು ಬೆರಳು, ಒಂದರಲ್ಲಿ ಉಂಗುರ. ಅಳಿಸುವುದು ಕಷ್ಟ ಅಲ್ಲ, ಸೀರೆಯ ಬಣ್ಣ ಮುಚ್ಚಿದರಾಯಿತು. ಪಕ್ಕದಲ್ಲಿ ಕೂತಿದ್ದ ಮಗ "ಅದು ಚಿಕ್ಕಮ್ಮನ ಕೈ. ಇರಲಿ ಬಿಡಿ ಅಕ್ಕ" ಅಂದರು. ಹಾಗೇ ಪೇಪರಿಗೆ ಹೋಯಿತು. ಕೆಲವರಿಗೆ ಇದು ಬೇಡ. ಅವರು ಮೊಬೈಲಿನ ಯಾವುದೋ ಆ್ಯಪ್‌ನಲ್ಲಿ ಹಳೇ ಫೋಟೋ ಹಾಕಿ "ಕ್ಲಿಯರ್" ಮಾಡಿ ತರುತ್ತಾರೆ. ಮುಖ ನುಣುಪು, ಹಲ್ಲು ಹೊಸದು, ಕಣ್ಣು ಯಾರದ್ದೋ. ನಾನು ಎರಡನ್ನೂ ಸ್ಕ್ರೀನಿನಲ್ಲಿ ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಹೆಚ್ಚಿನವರು ಮಸುಕಾದದ್ದನ್ನೇ ಆರಿಸುತ್ತಾರೆ. ಪೇಪರಿನ ಮುದ್ರಣದಲ್ಲಿ ಎರಡು ಇಂಚಿನ ಜಾಗಕ್ಕೆ ಅಷ್ಟು ಕ್ಲಿಯರ್ ಬೇಕಾಗಿಯೂ ಇಲ್ಲ.

ಮೊದಲು ನನ್ನ ಕಂಪ್ಯೂಟರಿನಲ್ಲಿ ಪಾಸ್‌ಪೋರ್ಟ್, ಮದುವೆ, ಫ್ಲೆಕ್ಸ್, ಶ್ರದ್ಧಾಂಜಲಿ ಅಂತ ಬೇರೆ ಬೇರೆ ಫೋಲ್ಡರ್ ಇತ್ತು. ಈಗ ಅದನ್ನೆಲ್ಲ ಬಿಟ್ಟು ಮನೆಯ ಹೆಸರಿನಲ್ಲಿ ಇಡುತ್ತೇನೆ. ಲೋನಿಗೆ ಅಂತ ತೆಗೆಸಿದ್ದು ನಾಳೆ ಸನ್ಮಾನದ ಫ್ಲೆಕ್ಸಿಗೆ ಬೇಕಾಗುತ್ತದೆ. ಮಗಳ ಮದುವೆಯದ್ದು ಇನ್ಯಾವುದಕ್ಕೋ ಬೇಕಾಗುತ್ತದೆ. ಹುಡುಕಲಿಕ್ಕೆ ಇದೇ ಸುಲಭ. ತಂಗಿಯ ಮಗ ಸದ್ಯ ಯಾವ ಬ್ರಾಂಚೂ ಹಿಡಿದಿಲ್ಲ. ಮುಂದಿನ ತಿಂಗಳು ಯಾರದ್ದೋ ಗೃಹಪ್ರವೇಶ ಒಪ್ಪಿಕೊಂಡಿದ್ದಾನಂತೆ. ನೀವು ಯಾರಾದರೂ ನನಗೆ ಫೋಟೋ ಕಳಿಸುವುದಿದ್ದರೆ ಎಂತಕ್ಕೆ ಅಂತ ಜೊತೆಯಲ್ಲೇ ಬರೆಯಿರಿ. ಮತ್ತೆ ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಆಗಿ ಹಾಕಬೇಡಿ, ಡಾಕ್ಯುಮೆಂಟ್ ಆಗಿ ಹಾಕಿ. ಇಲ್ಲದಿದ್ದರೆ ಫೈಲ್ ಕುಗ್ಗಿ ಬರುತ್ತದೆ, ಫ್ಲೆಕ್ಸಿನಲ್ಲಿ ಮುಖ ಚೌಕ ಚೌಕ ಆಗುತ್ತದೆ, ಆಮೇಲೆ ಬೈಗುಳ ನನಗೆ.